ಸಾಹೇಬರು ಕುಲುಕಲೇ ಇಲ್ಲ

ಊರಿಂದ,
೨೬-೫-೧೯೭೯

ನನ್ನ ಮುದ್ದು ಬನಶಂಕರಿಗೆ ಅವ್ವನ ಆಶೀರ್ವಾದ.

ಚೊಚ್ಚಲ ಬಸುರಿಯನ್ನು ಚಕ್ಕಡಿ ಗಾಡಿಯಲ್ಲಿ ಕುಲುಕಾಡಿಸಿ ಕಳಿಸುವುದಿಲ್ಲ, ಅಮೀನಗಡದಿಂದ ನಮ್ಮೂರ ಅಗಸಿ ಬಾಗಿಲವರೆಗೆ ಬಸ್ಸು ಬಂದರೆ ಮಾತ್ರ ತವರು, ಇಲ್ಲದಿದ್ದರೆ ಹೆರಿಗೆ ಇಳಕಲ್ಲಿನಲ್ಲೇ ಎಂದು ನಿಮ್ಮತ್ತೆಯವರು ಖಡಕ್ಕಾಗಿ ಹೇಳಿ ಕಳಿಸಿದ್ದರಲ್ಲ, ಆವತ್ತಿನಿಂದ ನಿಮ್ಮಪ್ಪ ಮನೆಯಲ್ಲಿ ಕೂತಿಲ್ಲ. ಮಗಳ ಮೊದಲ ಬಾಣಂತನ ಮಾಡದೆ ನಾನು ಯಾರಿಗೆ ಮುಖ ತೋರಿಸಲಿ?

ಬಸ್ ಡಿಪೋದ ಸಾಹೇಬರು, ‘ಮೊದಲ ರಸ್ತಾ ಮಾಡಿಸ್ಕೊಂಡು ಬರ್ರಿ, ಆಮ್ಯಾಲ ಬಸ್ಸಿನ ಮಾತು’ ಅಂದರಂತೆ. ಸರಿ, ನಿಮ್ಮಪ್ಪ ಪಂಚರನ್ನು ಕಟ್ಟಿಕೊಂಡು, ಕರದಂಟಿನ ಡಬ್ಬಿ ಹಿಡಿದು, ರಸ್ತೆಯ ಇಂಜಿನಿಯರ ಸಾಹೇಬರ ಹತ್ತಿರ ಬಾಗಲಕೋಟೆಗೆ ಹೋದರು. ಸಾಹೇಬರು ನಕ್ಕು ಡಬ್ಬಿಯನ್ನು ಕಪಾಟಿನಲ್ಲಿಟ್ಟರು. ಅಲ್ಲಿ ಆಗಲೇ ಊರೂರಿನ ಕರದಂಟು ಕೂತಿತ್ತಂತೆ! ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ನಿಮ್ಮಪ್ಪ ಆಮೇಲೆ ಪೂಜಾರಿಯನ್ನೇ ಹಿಡಿದರು. ಜವಾನ ನಜೀರಸಾಬ ಚಹಾ ಕುಡಿದು ಗುಟ್ಟು ಬಿಟ್ಟನಂತೆ: ‘ಮಲಕಪ್ಪಣ್ಣ, ಸಿಹಿ ತಿನಿಸಿದ್ರ ಸಾಹೇಬ್ರು ಮರೀತಾರ. ಸೊಂಟ ನೋಯಿಸ್ರಿ, ಮರಿಯಂಗಿಲ್ಲ. ಒಮ್ಮಿ ಜೀಪಿನ್ಯಾಗ ನಿಮ್ಮ ರಸ್ತಾದ ಮ್ಯಾಲ ಕರಸ್ರಿ.’

ಈ ಗುಟ್ಟನ್ನು ಗಂಡಸರು ತಮ್ಮೊಳಗೇ ಇಟ್ಟುಕೊಂಡರು. ‘ಸಾಹೇಬ್ರು ಬರ್ತಾರ, ಅಡಿಗಿ ಚಲೋ ಆಗಲಿ’ ಎಂದಷ್ಟೇ ನಮಗೆ ಹೇಳಿ, ಎದುರುಗೊಳ್ಳಲು ಅಮೀನಗಡಕ್ಕೆ ಹೋದರು. ದೊಡ್ಡವರು ಬರುವ ದಾರಿಯನ್ನು ಹಾಗೇ ಬಿಡಲಾದೀತೇ? ನಾನು, ಪಕ್ಕದ ಮನೆಯ ರಂಗವ್ವ, ಓಣಿಯ ಹೆಂಗಸರೆಲ್ಲ ಬುಟ್ಟಿಗಟ್ಟಲೆ ಗರಸು ಮಣ್ಣು ಹೊತ್ತು ತಗ್ಗು ಮುಚ್ಚಿ, ಮೇಲೆ ನೀರನ್ನೂ ಹೊಡೆದೆವು.

ಸಾಹೇಬರು ಜೀಪಿನಲ್ಲಿ ಗೊರಕೆ ಹೊಡೆಯುತ್ತ ಬಂದರು. ಅಗಸಿಯಲ್ಲಿ ಎಬ್ಬಿಸಬೇಕಾಯಿತು. ಹೋಳಿಗೆ ಉಂಡು, ‘ರಸ್ತಾ ಭಾಳ ಚಲೋ ಐತಲ್ರಿ, ಇದಕ್ಕ ರಿಪೇರಿ ಯಾಕ?’ ಅಂದು, ಹಾಗೇ ಬರೆದು ಸಹಿ ಮಾಡಿ ಕೊಟ್ಟು ಹೋದರು. ನಿಮ್ಮಪ್ಪ ಆಗ ಗುಟ್ಟು ಹೇಳಿ ಬೈದು, ನನ್ನೊಡನೆ ಮಾತು ಬಿಟ್ಟರು. ಮಗಳ ಬಾಣಂತನವನ್ನು ಕೈಯಾರೆ ಗರಸಿನಲ್ಲಿ ಹೂತೆನಲ್ಲ ಎಂದು ಒಲೆಯ ಮುಂದೆ ಕೂತು ಭಾಳ ಅತ್ತೆ.

ಅಳುವಾಗಲೇ ಹೊಳೆಯಿತು. ಡಿಪೋದವರಿಗೆ ಬೇಕಾದದ್ದು ಚಲೋ ರಸ್ತೆ ತಾನೇ? ಚಲೋ ಐತಿ ಅಂತ ಸರಕಾರವೇ ಬರೆದು ಕೊಟ್ಟಿದೆಯಲ್ಲ! ನಿಮ್ಮಪ್ಪನ ಕೈಗೆ ಆ ಕಾಗದ ಕೊಟ್ಟು ಡಿಪೋಕ್ಕೆ ಓಡಿಸಿದೆ. ಡಿಪೋ ಸಾಹೇಬರು ಇಂಜಿನಿಯರ ಸಹಿ ನೋಡಿ, ತಲೆ ಕೆರೆದುಕೊಂಡು, ಇಲ್ಲ ಅನ್ನಲಾಗದೆ ಒಪ್ಪಿದರು. ಬರುವ ಶುಕ್ರವಾರದಿಂದ ಬಸ್ಸು ಶುರು. ಈಗ ನಿಮ್ಮಪ್ಪ ಕಟ್ಟೆಯ ಮೇಲೆ ಕೂತು, ಇದೆಲ್ಲ ತಾವು ಮೊದಲೇ ಹಾಕಿದ ಉಪಾಯ ಅನ್ನುತ್ತಿದ್ದಾರೆ. ಅನ್ನಲಿ ಬಿಡು.

ನಿನ್ನನ್ನು ಕಾಣಲು ಜೀವ ಹಾತೊರೆಯುತ್ತಿದೆ. ಈ ಕಾಗದವನ್ನು ನಿಮ್ಮತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳು.

ದಾರಿ ಕಾಯುವ ನಿನ್ನವ್ವ,
ಗುರುಲಿಂಗವ್ವ

ತಾ.ಕ.: ಇಷ್ಟನ್ನು ಮಾತ್ರ ಓದಿ ಹೇಳಬೇಡ. ನಿನ್ನೆಯ ಮಳೆಗೆ ಗರಸೆಲ್ಲ ಕೊಚ್ಚಿ ಹೋಯಿತು. ನೀನು ಬರುವ ಮೊದಲ ಬಸ್ಸಿಗೆ ನಾವು ಹೆಂಗಸರು ಮತ್ತೆ ತಗ್ಗು ಮುಚ್ಚುತ್ತೇವೆ. ನೀನು ಇಳಿದ ಮೇಲೆ ಒಂದು ಬುಟ್ಟಿಯನ್ನೂ ಹೊರುವುದಿಲ್ಲ. ದಿನಾ ಡಿಪೋ ಸಾಹೇಬರ ಬಸ್ಸೇ ಕುಲುಕಲಿ. ಇನ್ನು ರಸ್ತೆ ಮಾಡಿಸಿರೆಂದು ಇಂಜಿನಿಯರ ಸಾಹೇಬರ ಬಾಗಿಲಿಗೆ ಕರದಂಟಿನ ಡಬ್ಬಿ ಹಿಡಿದು ಡಿಪೋ ಸಾಹೇಬರೇ ಹೋಗುತ್ತಾರೆ.