ನಂಬರ್ ತೊಳೆದ ಆಸ್ಟಿನ್

ಉಡುಪಿ
11 ಮಾರ್ಚ್ 1984

ಪ್ರೀತಿಯ ತಂಗಿ ಐರಿನ್,

ನಿನ್ನ ಎರಡು ಪತ್ರಗಳೂ ತಲುಪಿವೆ. ಉತ್ತರ ತಡವಾದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಬರೆಯಲು ಕುಳಿತು ಎರಡು ಸಲ ಎದ್ದಿದ್ದೇನೆ. ಬಹ್ರೇನಿನಲ್ಲಿ ಚಳಿ ಇಳಿದಿರಬೇಕು. ತಮ್ಮ ಸಿಲ್ವೆಸ್ಟರನ ಕಾಲಿನ ಸುದ್ದಿಯನ್ನು ಅವನ ಹೆಂಡತಿ ಪ್ರೆಸಿಲ್ಲಾ ನಿನಗೆ ಬರೆದಿದ್ದಾಳೆ. ಗಂಡನ ಪರವಾಗಿಯೇ ಬರೆದಿರುತ್ತಾಳೆ, ಅದು ನ್ಯಾಯ. ನಾನು ನಡೆದದ್ದನ್ನು ಬರೆಯುತ್ತೇನೆ.

ಫೆಬ್ರವರಿ 19ರ ಭಾನುವಾರ ಹಳೆಯ ಕಾರುಗಳ ರ‍್ಯಾಲಿ ಇತ್ತು. ಮಣಿಪಾಲದಿಂದ ಕಾರ್ಕಳ, ಅಲ್ಲಿಂದ ಬೆಳ್ಮಣ್ ಮಾರ್ಗವಾಗಿ ಕಾಪು. ವೇಗದ ಸ್ಪರ್ಧೆಯಲ್ಲ, ದಾರಿಯಲ್ಲಿ ಸಮಯ ಗುರುತಿಸುವ ಪ್ರತಿ ಠಾಣೆಗೂ ಹೇಳಿದ ನಿಮಿಷಕ್ಕೇ ತಲುಪಬೇಕು, ಬೇಗ ಹೋದರೂ ಅಂಕ ಕಳೆಯುತ್ತಾರೆ. ಸಿಲ್ವೆಸ್ಟರ್ ಅಪ್ಪನ ಆಸ್ಟಿನ್ ತೆಗೆದುಕೊಂಡು ಹೋದ. ಕಾರ್ಕಳಕ್ಕೆ ನಾಲ್ಕು ನಿಮಿಷ ಮೊದಲೇ ತಲುಪಿದ್ದರಿಂದ ಮರದಡಿ ನಿಲ್ಲಿಸಿದ. ಅಲ್ಲಿ ಅವನ ಹಳೆಯ ಸಹಪಾಠಿ ದೂಮಪ್ಪ ಸಿಕ್ಕಿದ.

"ಎಂತ ಮಾರಾಯ, ಈ ಡಬ್ಬ ಇನ್ನೂ ಉಸಿರಾಡ್ತಾ ಉಂಟಾ?" ಎಂದನಂತೆ.

ಡಬ್ಬದ ಮಾನ ಕಾಯುವುದರಲ್ಲಿ ನಾಲ್ಕು ನಿಮಿಷ ಹದಿಮೂರಾಯಿತು. ಕಳೆದ ನಿಮಿಷಗಳನ್ನು ಬೆಳ್ಮಣ್ ಇಳಿಜಾರಿನಲ್ಲಿ ಹಿಡಿಯಲು ಹೋಗಿ ತಿರುವಿನ ಮುರಕಲ್ಲಿನ ಗೋಡೆಗೆ ಗುದ್ದಿದ. ಬಲಗಾಲು ಎರಡು ಕಡೆ ಮುರಿದಿದೆ. ಬೇರೆ ಯಾರಿಗೂ ಏಟಾಗಲಿಲ್ಲ.

ನಮ್ಮ ವಿಮಾ ಶಾಖೆಯಲ್ಲಿ ಮೋಟಾರು ವರದಿ ಬರೆಯುವವನು ನಾನು. ತಮ್ಮನದ್ದನ್ನು ಬೇರೆಯವರಿಗೆ ಕೊಡಿ ಎಂದೆ. "ನಿಮ್ಮಷ್ಟು ಕಟ್ಟುನಿಟ್ಟಿನವರು ಯಾರಿದ್ದಾರೆ ಮಾರಾಯ್ರೆ?" ಎಂದು ಮ್ಯಾನೇಜರರು ಫೈಲನ್ನು ನನ್ನ ಕಡೆಗೇ ತಳ್ಳಿದರು. ಸ್ಥಳ ನೋಡಲು ಹೋದಾಗ ಗೋಡೆಯ ಬಳಿ ಮೆಕ್ಯಾನಿಕ್ ಅಲಿ ಬಕೆಟ್ ಹಿಡಿದು ನಿಂತಿದ್ದ. ಕಾರಿನ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿದ್ದ ರ‍್ಯಾಲಿಯ ನಂಬರು ಮಾಯವಾಗಿತ್ತು.

"ತೊಳೆದಿದ್ದೇನೆ ಸಾರ್. ಈಗ ಇದು ಇಗರ್ಜಿಯ ಪೂಜೆಗೆ ಹೊರಟ ಕಾರು."

ಸಾಮಾನ್ಯ ಪಾಲಿಸಿಯಲ್ಲಿ ರ‍್ಯಾಲಿಗೆ ರಕ್ಷಣೆ ಇಲ್ಲ. ಆ ಒಂದು ದಿನಕ್ಕೆಂದು ಬೇರೆ ಬರೆಸಿಕೊಳ್ಳಬೇಕು. ಸಿಲ್ವೆಸ್ಟರನ ಹೆಸರಿನಲ್ಲಿ ಅದು ಇರಲಿಲ್ಲ.

"ಪೂಜೆಗೆ ಹೋಗುವಾಗ ಗುದ್ದಿತು ಅಂತ ಒಂದು ಗೆರೆ ಬರೀರಿ ಭಾವ. ದೇವರು ಸಾಕ್ಷಿಗೆ ಬರ್ತಾರಾ?" ಎಂದಳು ಪ್ರೆಸಿಲ್ಲಾ.

ನಾನು ರ‍್ಯಾಲಿ ಎಂದೇ ಬರೆದೆ. ಕ್ಲೇಮು ತಿರಸ್ಕೃತವಾಯಿತು.

"ನಾಳೆ ನೀವು ಸತ್ತರೆ ಹೊರಲಿಕ್ಕೆ ಕಂಪನಿಯವರೇ ಬರ್ತಾರೆ, ಅಲ್ವಾ?" ಎಂದು ಕೇಳಿ ಒಳಗೆ ಹೋದಳು. ಆಮೇಲೆ ಮಾತಾಡಿಲ್ಲ.

ಆಸ್ಟಿನ್ ಅನ್ನು ಮಲ್ಪೆಯ ಗುಜರಿಯ ಮೊಯಿದಿನಬ್ಬ ಬಿಚ್ಚಿ ಒಯ್ದಿದ್ದಾರೆ. ನೀನು ಮದುಮಗಳಾಗಿ ಇಳಿದದ್ದೂ ಅದರಿಂದಲೇ; ತಿಳಿಸಬೇಕು ಎನಿಸಿತು.

ಮಕ್ಕಳ ತಲೆಯ ಮೇಲೆ ನನ್ನ ಕೈ ಉಂಟೆಂದು ಹೇಳು. ದೇವರು ನಿಮ್ಮೆಲ್ಲರನ್ನೂ ಸುಖವಾಗಿಡಲಿ.

ನಿನ್ನ ಅಣ್ಣ,
ಸ್ಟ್ಯಾನಿಸ್ಲಾಸ್

ಮತ್ತೊಂದು ವಿಷಯ: ರ‍್ಯಾಲಿಗೆ ಮೂರು ದಿನ ಮೊದಲು ಸಿಲ್ವೆಸ್ಟರ್ ಆಫೀಸಿಗೆ ಬಂದು ಆ ಒಂದು ದಿನದ ರಕ್ಷಣೆ ಕೇಳಿದ್ದ. ಅದಕ್ಕೆ ಮಂಗಳೂರಿಗೆ ಫಾರಂ ಕಳಿಸಬೇಕು. "ನಿಂದು ಮೆರವಣಿಗೆ ಮಾರಾಯ, ಅದಕ್ಕೆಲ್ಲ ಎಂತ ಬೇಡ, ಹೋಗು" ಎಂದಿದ್ದೆ. ವರದಿಯಲ್ಲಿ ಒಂದು ಕಾಲಂ ಇದೆ: ವಾಹನದ ಮಾಲೀಕರು ಕಚೇರಿಗೆ ಮುಂಚಿತವಾಗಿ ತಿಳಿಸಿದ್ದರೇ? ನಾನು 'ಇಲ್ಲ' ಎಂದು ತುಂಬಿದೆ. ಪ್ರೆಸಿಲ್ಲಾಳಿಗೆ ಇದು ಇನ್ನೂ ಗೊತ್ತಿಲ್ಲ. ವರದಿಗೆ ಮಾಲೀಕನ ಸಹಿಯೂ ಬೇಕು; ಕಳಿಸುವ ಮೊದಲು ಸಿಲ್ವೆಸ್ಟರ್ ಆಸ್ಪತ್ರೆಯ ಹಾಸಿಗೆಯಲ್ಲಿ ಇಡೀ ವರದಿ ಓದಿದ. ಆ ಕಾಲಂ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ಆಮೇಲೆ, "ಸೈನ್ ಎಲ್ಲಿ ಹಾಕ್ಲಿ?" ಎಂದು ಕೇಳಿದ.