ಕೆಂಪು ಬಲ್ಬು ಮತ್ತು ಇವರ ಗೆಳತಿ

ಮಾರ್ಚ್ ೯, ಸೋಮವಾರ

ಇವತ್ತು ಬೆಳಿಗ್ಗೆಯೂ ಬಂದಿದ್ದಳು, ಇವರ ಕಾಲೇಜಿನ ಗೆಳತಿ, ಕಾರ್ ಎಲೆಕ್ಟ್ರಿಷಿಯನ್. ಇವರ ಅಜ್ಜನ ಕಾಲದ ಕಾರಿನ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೆಂದು ನಾಲ್ಕು ದಿನದಿಂದ ಇಬ್ಬರೂ ಬಾನೆಟ್ಟಿನ ಕೆಳಗೆ ತಲೆಗೆ ತಲೆ ತಾಗಿಸಿ ನಿಂತಿರುತ್ತಾರೆ.

"ಆಲ್ಟರ್ನೇಟರ್ ಚೆನ್ನಾಗೇ ಇದೆ ಗುರೂ," ಅಂದಳು.

"ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ!" ಅಂದರು ಇವರು.

ಮದುವೆಯಾಗಿ ಇಪ್ಪತ್ತಾರು ದಿನ. ನನಗೆ ಒಮ್ಮೆಯೂ ಹಾಗೆ ಹೇಳಿಲ್ಲ!

ಆ ಹೊಟ್ಟೆಯುರಿಯಲ್ಲೇ ಮಧ್ಯಾಹ್ನ ಕಾರಿನ ವೈರಿಂಗ್ ನಕ್ಷೆ ಹರಡಿಕೊಂಡು ಕೂತೆ. ಎರಡು ಗಂಟೆ ಬೆರಳಿಟ್ಟು ಒಂದೊಂದೇ ವೈರಿನ ಹಿಂದೆ ಹೋದೆ. ಅಯ್ಯೋ ದೇವರೇ! ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಕೆಲಸ ಶುರುಮಾಡಲು ಬೇಕಾದ ಮೊದಲ ಕರೆಂಟು ಡ್ಯಾಶ್‌ಬೋರ್ಡಿನ ಪುಟ್ಟ ಕೆಂಪು ಬಲ್ಬಿನ ಮೂಲಕವೇ ಹೋಗುತ್ತದೆ. ಕಣ್ಣಿಗೆ ಚುಚ್ಚುತ್ತದೆ ಎಂದು ಹೋದ ವಾರ ಅದನ್ನು ಕಿತ್ತಿಟ್ಟವಳು ನಾನೇ! ಅಷ್ಟು ಜಾಣೆಯಾದ ಅವಳಿಗೂ ಅದು ಹೊಳೆದಿರಲಿಲ್ಲ.

ಬಲ್ಬು ಮತ್ತೆ ಹಾಕಿದೆ. ಸಂಜೆ ಇವರು ಕಾರು ಶುರುಮಾಡಿದಾಗ ಮೀಟರು ಹದಿನಾಲ್ಕು ವೋಲ್ಟ್ ತೋರಿಸಿತು, ಬ್ಯಾಟರಿ ಚಾರ್ಜ್ ಆಗುತ್ತಿದೆ! ಎಲ್ಲ ಒಪ್ಪಿಕೊಂಡೆ. ನನ್ನನ್ನು ಎತ್ತಿ ಗಿರಗಿರನೆ ತಿರುಗಿಸಿದರು.

"ನೀನು ಜೀನಿಯಸ್ ಕಣೇ!"

ಸ್ವರ್ಗವೇ ಸಿಕ್ಕಂತಾಯಿತು! ಕೆಳಗಿಳಿಸಿದ್ದೇ ತಡ, ಫೋನು ತೆಗೆದರು. "ತಾಳು, ಮೊದಲು ಅವಳಿಗೆ ಹೇಳ್ಬೇಕು."

ಮುಕ್ಕಾಲು ಗಂಟೆ ಮಾತಾಡಿದರು. ಕಂಡುಹಿಡಿದವಳು ನಾನು, ನಗುವೆಲ್ಲ ಅವಳಿಗೆ. ಈಗ "ಮಲಗಲ್ವೇನೇ?" ಎಂದು ಕೇಳುತ್ತಿದ್ದಾರೆ. ನಾನು ಉತ್ತರ ಕೊಡುವುದಿಲ್ಲ, ಇನ್ನೂ ಎರಡು ಸಲ ಕೇಳುವವರೆಗಾದರೂ.