ಚೌಕದ ಬೋಳು ಲಿಂಡನ್‌ಗಳು

ಫೆಬ್ರವರಿ ೧೧, ಮಂಗಳವಾರ

ಗರಗಸ ಒರೆಸಿಟ್ಟು ಇದನ್ನು ಬರೆಯುತ್ತಿದ್ದೇನೆ. ಮರ ಸವರುವ ಕೆಲಸವನ್ನು, ಮರದ ತಲೆ ಕಡಿಯಬೇಡ ಎಂಬ ಪಾಠದೊಂದಿಗೆ, ಇಂಗ್ಲೆಂಡಿನಲ್ಲಿ ಕಲಿತು ಬಂದವನು ನಾನು. ಫ್ರಾನ್ಸಿನ ಈ ಊರಲ್ಲಿ ಹದಿನೈದು ವರ್ಷ ಹಾಗೇ ನಡೆದುಕೊಂಡೆ. ಚೌಕಕ್ಕೆಲ್ಲ ನೆರಳು ಕೊಡುವ ಲಿಂಡನ್ ಮರಗಳ ಒಣಕೊಂಬೆಗಳನ್ನಷ್ಟೇ ತೆಗೆದು ಇಳಿಯುತ್ತಿದ್ದೆ. ಈ ಚಳಿಗಾಲ ಬೇರೆ ಕೆಲಸವೇ ಸಿಗಲಿಲ್ಲ. ಇವತ್ತು ಊರಿನ ಮೇಯರಮ್ಮ ಹೇಳಿದಂತೆ, ಇಲ್ಲಿನವರ ರೂಢಿಯಂತೆ, ಎಲ್ಲವನ್ನೂ ಬೋಳಿಸಿದೆ. ಮೊಂಡುಕೊಂಬೆಗಳು ಆಕಾಶಕ್ಕೆ ಮುಷ್ಟಿ ಎತ್ತಿ ನಿಂತಿವೆ.

ಇಳಿದಾಗ ಚೌಕದಲ್ಲಿ ಸೇರಿದ್ದ ಊರವರಿಂದ ಚಪ್ಪಾಳೆ. ಬಾರಿನ ಫಾಬ್ರಿಸ್ ವೈನ್ ಕೊಟ್ಟು ಬೆನ್ನು ತಟ್ಟಿದ: "ಇಷ್ಟು ವರ್ಷ ಮರಕ್ಕೆ ತಲೆ ಬಾಚ್ತಾ ಇದ್ದೆಯಲ್ಲಪ್ಪ ಇಂಗ್ಲಿಷ್ ದೊರೆ! ಈಗ ನೋಡು, ನಮ್ಮೋನಾದೆ."

ಈ ಮಾತಿಗಾಗಿ ಎಷ್ಟು ಕಾದಿದ್ದೆ. ವೈನ್ ಲೋಟ ಪಕ್ಕಕ್ಕಿಟ್ಟು, ಬಿದ್ದ ಕೊಂಬೆಗಳನ್ನು ಗುಡ್ಡೆ ಹಾಕತೊಡಗಿದೆ.

ಪ್ರತಿ ಜೂನಿನಲ್ಲಿ ಆ ಲಿಂಡನ್ ಹೂವಿನ ಪರಿಮಳ ನನ್ನ ಕಿಟಕಿಯ ತನಕ ಬರುತ್ತಿತ್ತು. ಈ ಜೂನಿನಲ್ಲಿ ಬಾರಿನ ಮುಂದೆ, ಬರೀ ಬಿಸಿಲಲ್ಲಿ, ಅವರ ಜೊತೆ ಕೂರುತ್ತೇನೆ. ಅವರವನಾಗಿ.